ಸೊನ್ನೆಯ ಗೌರವ

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ನನಗೆ ಸೊನ್ನೆಯ ಪರಿಚಯ ಚೆನ್ನಾಗಿ ಉಂಟು. ಎಷ್ಟೋ ಉತ್ತರಪತ್ರಿಕೆಗಳ ನೆತ್ತಿಯ ಮೇಲೆ ಅದನ್ನು ಕೆಂಪು ಶಾಯಿಯಿಂದ ಸುತ್ತಿದ್ದೇನೆ. ಅದನ್ನು ಪಡೆದ ಹುಡುಗರ ಮುಖ ಬಾಡಿದುದನ್ನೂ ಕಂಡಿದ್ದೇನೆ. ಆದರೆ ಸೊನ್ನೆ ಬಂದಿತೆಂದು ಹಿಗ್ಗಿದ ಮಗುವನ್ನು ಮಾತ್ರ ಕಳೆದ ತಿಂಗಳವರೆಗೆ ಕಂಡವನಲ್ಲ, ಕೇಳಿದವನೂ ಅಲ್ಲ.

ನನ್ನ ತಂಗಿಯ ಮಗಳು ಅಮೆರಿಕಾದ ಟೆಕ್ಸಸ್ ಪ್ರಾಂತದಲ್ಲಿ ಸಂಸಾರ ಹೂಡಿಕೊಂಡಿರುವಳು. ಅವಳ ಹನ್ನೆರಡು ವರ್ಷದ ಮಗಳು ಅಲ್ಲಿಯ ಒಂದು ಚಿಯರ್‌ಲೀಡಿಂಗ್ ತಂಡಕ್ಕೆ ಸೇರಿದ್ದಾಳೆ. ಕಳೆದ ತಿಂಗಳು ಫೋನಿನಲ್ಲಿ ಮಾತನಾಡುತ್ತ ಆ ಮಗು, “ತಾತ, ನಮ್ಮ ಟೀಮಿಗೆ ಸೊನ್ನೆ ಬಂತು!” ಎಂದು ಸಂತೋಷದಿಂದ ಕೂಗಿ ಹೇಳಿತು. ನಾನು ಸಮಾಧಾನದ ಮಾತಿಗಾಗಿ ಹುಡುಕುತ್ತಿರುವಷ್ಟರಲ್ಲಿ ಅದರ ತಾಯಿ ನಡುವೆ ಬಂದು, ಆ ಆಟದಲ್ಲಿ ಸೊನ್ನೆಯೆಂದರೆ ತಪ್ಪಿಗಾಗಿ ಕಳೆದ ಅಂಕ ಸೊನ್ನೆ ಎಂದರ್ಥವೆಂದು ತಿಳಿಸಿದಳು. ಆಮೇಲೆ ಮಗುವಿನ ಸ್ವರ ತಗ್ಗಿತು. “ಆದರೂ ನಮಗೆ ಎರಡನೇ ಸ್ಥಾನ ತಾತ. ಫಸ್ಟ್ ಬಂದವರಲ್ಲಿ ಒಬ್ಬಳು ಬಿದ್ದಳು. ನಮ್ಮಲ್ಲಿ ಯಾರೂ ಬೀಳಲಿಲ್ಲ. ಇದು ನ್ಯಾಯವಾ?”

ತಿಳಿಯದ ವಿಷಯದಲ್ಲಿ ತೀರ್ಪು ಹೇಳುವುದು ಉಪಾಧ್ಯಾಯನಾದವನಿಗೆ ತಕ್ಕುದಲ್ಲ. “ವಿಚಾರಿಸಿ ಹೇಳುತ್ತೇನೆ ಕಂದ” ಎಂದು ಅವಧಿಯನ್ನು ಬೇಡಿಕೊಂಡೆನು. ಆ ಆಟದ ನಿಯಮಗಳನ್ನೂ ಅಂಕಪತ್ರಗಳನ್ನೂ ತರಿಸಿ ಓದಿ ತಿಳಿದುದನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತಿದ್ದೇನೆ. ದೂರದೇಶದ ಆಟ ನಮಗೇತಕ್ಕೆಂದು ಯಾರೂ ಎನ್ನಬಾರದು. ಹಾಡಿನ ಸ್ಪರ್ಧೆಯಿಂದಲೋ ಭಾಷಣದ ಸ್ಪರ್ಧೆಯಿಂದಲೋ “ಇದು ನ್ಯಾಯವೇ?” ಎಂದು ಕಣ್ಣೊರೆಸಿಕೊಳ್ಳುತ್ತ ಮಗುವೊಂದು ಬಂದು ನಿಲ್ಲದ ಮನೆ ಯಾವುದು?

ಮೊದಲು ಒಂದು ತಪ್ಪು ಕಲ್ಪನೆಯನ್ನು ನೀಗಬೇಕು. ೨೦೦೮ನೆಯ ಇಸವಿ ಏಪ್ರಿಲ್ ೧೮ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐ.ಪಿ.ಎಲ್. ಕ್ರಿಕೆಟ್ಟಿನ ಮೊಟ್ಟಮೊದಲ ಪಂದ್ಯ ನಡೆದಾಗ, ವಾಷಿಂಗ್‌ಟನ್ನಿನ ಫುಟ್‌ಬಾಲ್ ತಂಡವೊಂದರ ಚಿಯರ್‌ಲೀಡರುಗಳು ಬಂದು ಮೈದಾನದಂಚಿನಲ್ಲಿ ಕುಣಿದರು. ಅಂದಿನಿಂದ ಆ ಹೆಸರೆತ್ತಿದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಆ ಚಿತ್ರವೇ. ಅದು ಇನ್ನೊಬ್ಬರ ಆಟಕ್ಕೆ ಮೆರುಗು ಕೊಡುವ ಕುಣಿತ. ನಾನು ಹೇಳಹೊರಟಿರುವುದು ಅದೇ ಬೇರಿನಿಂದ ಕವಲೊಡೆದು, ತಾನೇ ಒಂದು ಆಟವಾಗಿ, ಸೋಲುಗೆಲವುಗಳನ್ನುಳ್ಳ ಸ್ಪರ್ಧೆಯಾಗಿ ಬೆಳೆದ ವಿದ್ಯೆಯನ್ನು ಕುರಿತು.

ಈ ವಿದ್ಯೆಯ ಹುಟ್ಟನ್ನು ಸಾಮಾನ್ಯವಾಗಿ ೧೮೯೮ನೆಯ ಇಸವಿ ನವೆಂಬರ್ ೨ರಂದು ಗುರುತಿಸುವರು. ಅಂದು ಮಿನೆಸೋಟಾ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯದಲ್ಲಿ ಜಾನಿ ಕ್ಯಾಂಬೆಲ್ ಎಂಬ ವಿದ್ಯಾರ್ಥಿಯು ಪ್ರೇಕ್ಷಕರ ಮುಂದೆ ನಿಂತು, ಎಲ್ಲರೂ ಒಕ್ಕೊರಲಿನಿಂದ ಘೋಷಿಸುವಂತೆ ನಡಸಿದನು. ಇಂದು ಹೆಂಗಸರ ಆಟವೆಂದೇ ಹೆಸರಾದ ಇದು ಮೊದಲಿಗೆ ಕೇವಲ ಗಂಡಸರದಾಗಿತ್ತೆಂದರೆ ಅಚ್ಚರಿಯಾದೀತು. ಆ ವಿಶ್ವವಿದ್ಯಾಲಯದಲ್ಲಿ ಹೆಂಗಸರು ಸೇರಿಕೊಂಡದ್ದು ೧೯೨೩ರಲ್ಲಿ. ೧೯೪೮ರಲ್ಲಿ ಟೆಕ್ಸಸಿನ ಲಾರೆನ್ಸ್ ಹರ್ಕಿಮರ್ ಎಂಬುವನು ಇದನ್ನು ಕಲಿಸುವುದಕ್ಕಾಗಿಯೇ ಒಂದು ಶಿಬಿರವನ್ನು ಏರ್ಪಡಿಸಿದನು. ಬಂದ ಶಿಷ್ಯರು ೫೨ ಮಂದಿ ಹುಡುಗಿಯರು, ಒಬ್ಬ ಹುಡುಗ. ಕಾಲಕ್ರಮದಲ್ಲಿ ಘೋಷದ ಜೊತೆಗೆ ನೆಗೆತ, ಲಾಗ, ಹೆಗಲೇರುವಿಕೆ ಎಲ್ಲವೂ ಕೂಡಿಕೊಂಡು, ೧೯೮೦ರ ಸುಮಾರಿಗೆ ರಾಷ್ಟ್ರಮಟ್ಟದ ಸ್ಪರ್ಧೆಗಳು ನೆಲೆಗೊಂಡವು.

ಸ್ಪರ್ಧೆಯ ಸ್ವರೂಪ ಇಂತಿದೆ. ೫೪ ಅಡಿ ಉದ್ದ, ೪೨ ಅಡಿ ಅಗಲದ ಮೆತ್ತನೆಯ ಹಾಸು. ಅದರ ಮೇಲೆ ಇಪ್ಪತ್ತರ ಆಸುಪಾಸಿನ ಮಕ್ಕಳು. ಸಂಗೀತಕ್ಕೆ ಒಪ್ಪಿಸಿದ ಎರಡೂವರೆ ನಿಮಿಷದ ಪ್ರದರ್ಶನ. ಒಲೆಯ ಮೇಲಿಟ್ಟ ಹಾಲು ಉಕ್ಕಿಬರುವಷ್ಟು ಹೊತ್ತೂ ಅಲ್ಲ. ಅಷ್ಟರಲ್ಲಿಯೇ ವರ್ಷವಿಡೀ ಪಟ್ಟ ಶ್ರಮವೆಲ್ಲ ಮುಗಿದುಹೋಗಬೇಕು. ಇಬ್ಬರು ಮೂವರು ಕೆಳಗೆ ನಿಂತು ಒಬ್ಬಳನ್ನು ಅಂಗೈಗಳ ಮೇಲೆ ಎತ್ತಿ ನಿಲ್ಲಿಸುವುದು ಒಂದು ಅಂಗ. ಇದಕ್ಕೆ ಸ್ಟಂಟ್ ಎಂದು ಹೆಸರು. ಅಂತಹ ಗುಂಪುಗಳು ಒಂದಕ್ಕೊಂದು ಕೈಗೂಡಿಸಿ ಗೋಪುರ ಕಟ್ಟುವುದು ಪಿರಮಿಡ್; ಉಡುಪಿಯ ವಿಟ್ಲಪಿಂಡಿಯಲ್ಲಿ ಮೊಸರುಕುಡಿಕೆಗಾಗಿ ಹೆಗಲ ಮೇಲೆ ಹೆಗಲೇರುವುದನ್ನು ಕಂಡವರು ಅದನ್ನು ಊಹಿಸಿಕೊಳ್ಳಬಲ್ಲರು. ಮಣಿಕಟ್ಟುಗಳನ್ನು ಬುಟ್ಟಿಯಂತೆ ಹೆಣೆದು, ಅದರ ಮೇಲೆ ನಿಂತವಳನ್ನು ಗಾಳಿಗೆ ಚಿಮ್ಮಿ ಮರಳಿ ತೋಳುಗಳಲ್ಲಿ ಹಿಡಿಯುವುದು ಬಾಸ್ಕೆಟ್ ಟಾಸ್. ನೆಲದ ಮೇಲೆ ಲಾಗ ಹಾಕುವುದು ಟಂಬ್ಲಿಂಗ್. ಇವುಗಳ ನಡುನಡುವೆ ನೆಗೆತ, ನರ್ತನ, ಒಂದು ವ್ಯೂಹದಿಂದ ಇನ್ನೊಂದಕ್ಕೆ ಸರಿಯುವ ಚಲನೆ.

ಇಷ್ಟೆಲ್ಲವನ್ನೂ ಅಂಕಗಳಲ್ಲಿ ಅಳೆಯುವುದು ಹೇಗೆ? ಓಟದ ಪಂದ್ಯದಲ್ಲಿ ಗಡಿಯಾರವುಂಟು. ಉದ್ದ ನೆಗೆತದಲ್ಲಿ ಅಳತೆಪಟ್ಟಿಯುಂಟು. ಇಲ್ಲಿ ಅಳೆಯತಕ್ಕವನು ಮನುಷ್ಯ. ಆದುದರಿಂದ ಮನುಷ್ಯನ ಕಣ್ಣನ್ನು ಕಟ್ಟಿಹಾಕುವ ಉಪಾಯವೊಂದನ್ನು ಮಾಡಿದ್ದಾರೆ. ಇಡೀ ಪ್ರದರ್ಶನವನ್ನು ಕಂಡು ‘ಚೆನ್ನಾಗಿದೆ’ ಎಂದು ಒಟ್ಟಾರೆ ಅಂಕ ಹಾಕಲು ಬಿಡದೆ, ಅದನ್ನು ಅಂಗಾಂಗವಾಗಿ ಬಿಡಿಸಿ ಒಂದೊಂದಕ್ಕೂ ಇಂತಿಷ್ಟೆಂದು ಮೊದಲೇ ಗೊತ್ತುಮಾಡಿರುವರು. ೨೦೦೪ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಚಿಯರ್ ಯೂನಿಯನ್ ಎಂಬ ಸಂಸ್ಥೆಯು ದೇಶದೇಶಗಳ ತಂಡಗಳಿಗಾಗಿ ಬಳಸುತ್ತ ಬಂದ ಅಂಕಪತ್ರವನ್ನೇ ನೋಡಿರಿ. ಒಬ್ಬೊಬ್ಬ ನಿರ್ಣಾಯಕನ ಕೈಯಲ್ಲಿ ೧೦೦ ಅಂಕ. ಅದರಲ್ಲಿ ಪ್ರೇಕ್ಷಕರನ್ನು ಹುರಿದುಂಬಿಸುವ ಘೋಷಕ್ಕೆ ೧೦, ಸ್ಟಂಟಿಗೆ ೨೫, ಪಿರಮಿಡ್ಡಿಗೆ ೨೫, ಬಾಸ್ಕೆಟ್ ಟಾಸಿಗೆ ೧೫, ಲಾಗಕ್ಕೆ ೧೦, ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಸಾಗುವ ಚಲನೆಗೆ ೫, ನರ್ತನವೂ ಸೇರಿ ಒಟ್ಟು ಪ್ರದರ್ಶನದ ಸೊಗಸಿಗೆ ೧೦. ಎತ್ತುವುದು, ಕಟ್ಟುವುದು, ಚಿಮ್ಮುವುದು ಈ ಮೂರಕ್ಕೇ ೬೫ ಅಂಕ ಸಂದುದನ್ನು ವಾಚಕರು ಗಮನಿಸಬೇಕು. ಮುಗುಳುನಗೆಯಿಂದಲೂ ಮಿರುಗುವ ಉಡುಪಿನಿಂದಲೂ ಗೆಲ್ಲಬಹುದೆಂದು ತಿಳಿದವನು ಈ ಲೆಕ್ಕವನ್ನು ಓದಿದವನಲ್ಲ.

ಈ ಒಂದೊಂದು ಅಂಗದಲ್ಲಿಯೂ ನಿರ್ಣಾಯಕನು ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮಾಡಿದ್ದು ಎಷ್ಟು ಕಠಿನವಾದದ್ದು? ಅದನ್ನು ಎಷ್ಟು ಶುದ್ಧವಾಗಿ ಮಾಡಿದರು? ಒಬ್ಬಳನ್ನು ಎರಡು ಕಾಲಿನ ಮೇಲೆ ನಿಲ್ಲಿಸುವುದಕ್ಕಿಂತ ಒಂದೇ ಕಾಲಿನ ಮೇಲೆ ನಿಲ್ಲಿಸುವುದು ಕಠಿನ. ಸುಮ್ಮನೆ ಎತ್ತುವುದಕ್ಕಿಂತ ಮೈಯನ್ನು ಒಂದು ಸುತ್ತು ತಿರುಗಿಸಿ ಎತ್ತುವುದು ಇನ್ನೂ ಕಠಿನ. ತಂಡದಲ್ಲಿ ಒಬ್ಬಿಬ್ಬರು ಮಾಡಿದರೇ, ಹೆಚ್ಚಿನವರು ಮಾಡಿದರೇ ಎಂಬುದನ್ನೂ ಎಣಿಸುವರು. ಒಬ್ಬ ಜಾಣೆಯ ಹಿಂದೆ ಇಪ್ಪತ್ತು ಮಂದಿ ಅಡಗಿಕೊಳ್ಳುವಂತಿಲ್ಲ. ಶುದ್ಧಿಯ ವಿಚಾರದಲ್ಲಾದರೋ ಮೊಣಕಾಲು ನೆಟ್ಟಗಿತ್ತೇ, ಕಾಲ ಬೆರಳು ಚಾಚಿತ್ತೇ, ಎಲ್ಲರೂ ಒಂದೇ ತಾಳಕ್ಕೆ ಎದ್ದರೇ, ಇಳಿಯುವಾಗ ಹೆಜ್ಜೆ ತಡವರಿಸಿತೇ ಎಂದು ನೋಡುವರು.

ಇದು ಕೊಡುವ ಲೆಕ್ಕ. ಕಳೆಯುವ ಲೆಕ್ಕ ಬೇರೆಯೇ ಉಂಟು. ಲಾಗ ಹಾಕುವಾಗ ಕೈಯೂರಿ ಬಿದ್ದರೆ ಇಷ್ಟು, ಎತ್ತಿದವಳು ಜಾರಿದರೆ ಅದಕ್ಕಿಂತ ಹೆಚ್ಚು, ಮೇಲಿನವಳು ನೆಲಕ್ಕೇ ಬಿದ್ದರೆ ಇನ್ನೂ ಹೆಚ್ಚು, ಕಾಲ ಮೀರಿದರೆ, ನಿಯಮ ತಪ್ಪಿದರೆ ಇಂತಿಷ್ಟು ಎಂದು ಒಟ್ಟು ಅಂಕಗಳಿಂದ ಕಳೆಯುವರು. ಯಾವುದನ್ನೂ ಕಳೆಯುವ ಪ್ರಸಂಗವೇ ಬಾರದಿದ್ದರೆ ಆ ಪಟ್ಟಿಯಲ್ಲಿ ಸೊನ್ನೆ ನಿಲ್ಲುವುದು. ನಮ್ಮ ಮಗು ಹಿಗ್ಗಿದುದು ಆ ಸೊನ್ನೆಗಾಗಿ.

ಇನ್ನು ಅದರ ಪ್ರಶ್ನೆಗೆ ಬರೋಣ. ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಮಾಡುವೆನು. ಒಂದು ತಂಡವು ತನಗೆ ಚೆನ್ನಾಗಿ ಒಗ್ಗಿದ ಸುಲಭವಾದ ಚಮತ್ಕಾರಗಳನ್ನು ಆಯ್ದುಕೊಂಡು ೮೫ ಅಂಕ ಗಳಿಸಿತು, ಕಳೆದುದು ಸೊನ್ನೆ, ಉಳಿದುದು ೮೫. ಇನ್ನೊಂದು ತಂಡವು ಕಠಿನವಾದವುಗಳಿಗೆ ಕೈಹಾಕಿ ೮೯ ಗಳಿಸಿತು; ಒಬ್ಬಳು ಬಿದ್ದುದಕ್ಕೆ ೨ ಹೋಯಿತು; ಉಳಿದುದು ೮೭. ಬಿದ್ದವರು ಗೆದ್ದರು. ಇದರಲ್ಲಿ ಮೋಸವಿಲ್ಲ. ದೋಷವಿಲ್ಲದಿರುವುದು ಬೇರೆ, ಗುಣವಿರುವುದು ಬೇರೆ ಎಂಬ ತತ್ತ್ವವೊಂದೇ ಇದರಲ್ಲಿ ಅಡಗಿರುವುದು. ಕಾವ್ಯದಲ್ಲಿ ದೋಷವಿರಕೂಡದು, ಗುಣವೂ ಇರಬೇಕೆಂದು ನಮ್ಮ ಅಲಂಕಾರಿಕರು ಎರಡನ್ನೂ ಬೇರೆಬೇರೆಯಾಗಿಯೇ ಹೇಳಿರುವರಷ್ಟೆ.

ಈ ವಿಚಾರ ನಮಗೆ ಹೊಸದೇನೂ ಅಲ್ಲವೆಂಬುದು ಭರತಮುನಿಯ ನಾಟ್ಯಶಾಸ್ತ್ರವನ್ನು ತಿರುವಿದಾಗ ನನಗೆ ನೆನಪಾಯಿತು. ಅದರ ಇಪ್ಪತ್ತೇಳನೆಯ ಅಧ್ಯಾಯವು ನಾಟ್ಯದ ಸಿದ್ಧಿಯನ್ನು ಕುರಿತದ್ದು. ಪ್ರದರ್ಶನದ ಸಫಲತೆಗೆ ಸಿದ್ಧಿಯೆಂದೂ, ಅದಕ್ಕೆ ಬೀಳುವ ಪೆಟ್ಟುಗಳಿಗೆ ಘಾತವೆಂದೂ ಹೆಸರಿಟ್ಟು ಅಲ್ಲಿ ಎರಡನ್ನೂ ಎಣಿಸಹೇಳಿದೆ. ತೀರ್ಪು ಹೇಳತಕ್ಕ ಪ್ರಾಶ್ನಿಕರು ಒಬ್ಬೊಬ್ಬರೂ ಒಂದೊಂದು ವಿದ್ಯೆಯಲ್ಲಿ ಬಲ್ಲವರಾಗಿರಬೇಕು: ಛಂದಸ್ಸಿಗೆ ಛಂದಸ್ಸನ್ನು ಬಲ್ಲವನು, ಶಬ್ದಕ್ಕೆ ವೈಯಾಕರಣನು, ನೃತ್ಯಕ್ಕೆ ನರ್ತಕನು, ಬಿಲ್ವಿದ್ಯೆಯ ನಿಲುವಿಗೆ ಧನುರ್ಧರನು. ಗೆದ್ದವರಿಗೆ ಪತಾಕೆಯೇ ಬಹುಮಾನ. ಅಮೆರಿಕಾದ ಸ್ಪರ್ಧೆಗಳಲ್ಲಿಯೂ ಎತ್ತುವಿಕೆಯನ್ನು ನೋಡುವವರೊಬ್ಬರು, ಲಾಗವನ್ನು ನೋಡುವವರೊಬ್ಬರು, ಬರಿಯ ತಪ್ಪನ್ನೂ ನಿಯಮಭಂಗವನ್ನೂ ಗುರುತಿಸುವವರೊಬ್ಬರು ಎಂದು ಅನೇಕ ಕಡೆ ಕೆಲಸವನ್ನು ಹಂಚಿರುವರು. ಇವರು ಅವರನ್ನು ನೋಡಿ ಕಲಿತರೆಂದು ನಾನು ಹೇಳುವುದಿಲ್ಲ. ನ್ಯಾಯವಾಗಿ ತೂಗಬೇಕೆಂಬ ಮನಸ್ಸಿದ್ದವರಿಗೆ ಎಲ್ಲಿದ್ದರೂ ತಕ್ಕಡಿಯ ಎರಡು ತಟ್ಟೆಗಳು ಕಾಣಿಸುವುವು, ಅಷ್ಟೆ.

ಆದರೆ ಕಠಿನವಾದುದಕ್ಕೆ ಹೆಚ್ಚು ಅಂಕವೆಂದಮೇಲೆ ಒಂದು ಅಪಾಯ ಬಾಗಿಲಲ್ಲಿಯೇ ನಿಂತಿರುವುದು. ಅಂಕದ ಆಸೆಗೆ ಬಿದ್ದ ಶಿಕ್ಷಕನು ಮಕ್ಕಳ ಕೈಲಾಗದ ಸಾಹಸಕ್ಕೆ ಅವರನ್ನು ನೂಕಿದರೆ? ಮೇಲಿರುವುದು ಮನೆಯೊಂದರ ಮಗಳು. ೧೯೮೨ರಿಂದ ಮುಂದೆ ಕಾಲುಶತಮಾನದ ಲೆಕ್ಕವನ್ನು ಉತ್ತರ ಕರೋಲಿನಾದ ಸಂಶೋಧನ ಕೇಂದ್ರವೊಂದು ಕೂಡಿಸಿದಾಗ, ಅಮೆರಿಕಾದ ಶಾಲಾಕಾಲೇಜುಗಳ ಹೆಣ್ಣುಮಕ್ಕಳಿಗೆ ಆಟಗಳಿಂದ ಒದಗಿದ ಅತಿಘೋರವಾದ ಪೆಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದರಿಂದಲೇ ಆದುವೆಂದು ಕಂಡುಬಂದಿತು. ೨೦೦೬ರ ಮಾರ್ಚಿಯಲ್ಲಿ ಸೇಂಟ್ ಲೂಯಿಸ್ ನಗರದ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರ ವಿರಾಮದಲ್ಲಿ ಕಾಲೇಜು ಹುಡುಗಿಯೊಬ್ಬಳು ಪಿರಮಿಡ್ಡಿನ ಮೇಲಿನಿಂದ ತಲೆಕೆಳಗಾಗಿ ಬಿದ್ದು ಕತ್ತಿನ ಮೂಳೆಗೆ ಪೆಟ್ಟುಮಾಡಿಕೊಂಡಳು, ದೈವವಶಾತ್ ಉಳಿದಳು. ಅದಾದ ಕೆಲವು ದಿನಗಳಲ್ಲಿಯೇ, ಹಾಸಿಲ್ಲದ ನೆಲದ ಮೇಲೆ ಅಂತಹ ಎತ್ತರದ ಪಿರಮಿಡ್ಡುಗಳನ್ನೂ ಬಾಸ್ಕೆಟ್ ಟಾಸನ್ನೂ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ತಡೆದರು.

ಸ್ಪರ್ಧೆಗಳಲ್ಲಿ ಈ ಆಸೆಗೆ ಕಡಿವಾಣ ಹಾಕಿರುವುದು ತರಗತಿಗಳ ಏರ್ಪಾಡು. ನಮ್ಮ ಪಾಠಶಾಲೆಗಳಂತೆಯೇ ಅಲ್ಲಿ ಒಂದರಿಂದ ಏಳರವರೆಗೆ ಮಟ್ಟಗಳುಂಟು. ಮೊದಲನೆಯದರಲ್ಲಿ ಉರುಳುವುದು, ಗಾಲಿಯಂತೆ ಕೈಯೂರಿ ಹೊರಳುವುದು ಇಷ್ಟೇ. ಗಾಳಿಗೆ ಚಿಮ್ಮುವುದು ಕೂಡದು. ಹಿಂದಕ್ಕೆ ಬಾಗಿ ಕೈಯೂರಿ ನೆಗೆಯುವುದು ಎರಡನೆಯದರಲ್ಲಿ. ಓಡಿಬಂದು ಕೈಯೂರದೆ ಗಾಳಿಯಲ್ಲಿ ಲಾಗ ಹೊಡೆಯುವುದು ಮೂರನೆಯದರಲ್ಲಿ. ನಿಂತಲ್ಲಿಂದಲೇ ಹೊಡೆಯುವುದು ನಾಲ್ಕನೆಯದರಲ್ಲಿ. ತನ್ನ ಮಟ್ಟವನ್ನು ಮೀರಿದ ಚಮತ್ಕಾರವನ್ನು ಎಷ್ಟೇ ಸೊಗಸಾಗಿ ಮಾಡಿದರೂ ಅಂಕ ಕೂಡುವುದರ ಬದಲು ಕಳೆಯುವುದು. ಇಲ್ಲಿ ನಿಯಮದ ಪಾಲಿಗೆ ಧೈರ್ಯಕ್ಕಿಂತ ಮಗುವಿನ ಕತ್ತು ದೊಡ್ಡದು. ಇದು ನನಗೆ ಬಹಳ ಮೆಚ್ಚಿಗೆಯಾಯಿತು.

ತಕ್ಕಡಿಗೆ ಎರಡು ತಟ್ಟೆಗಳಿದ್ದರೆ ಸಾಲದು. ತೂಕದ ಕಲ್ಲೂ ಎಲ್ಲ ಅಂಗಡಿಗಳಲ್ಲಿ ಒಂದೇ ಇರಬೇಕು. ಇದನ್ನು ತೋರಿಸುವ ವ್ಯಾಜ್ಯವೊಂದು ಅಮೆರಿಕಾದಲ್ಲಿ ನಡೆಯಿತು. ಕನೆಕ್ಟಿಕಟ್ ಪ್ರಾಂತದ ಕ್ವಿನಿಪಿಯಾಕ್ ವಿಶ್ವವಿದ್ಯಾಲಯವು ೨೦೦೯ರಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ತಂಡವನ್ನು ಕೈಬಿಟ್ಟು, ಬದಲಿಗೆ ಸ್ಪರ್ಧಾತ್ಮಕ ಚಿಯರ್‌ಲೀಡಿಂಗನ್ನು ನಡಸುವುದಾಗಿ ಸಾರಿತು. ವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಆಟದ ಅವಕಾಶ ಗಂಡುಮಕ್ಕಳಿಗೆ ಸಮಾನವಾಗಿರಬೇಕೆಂದು ೧೯೭೨ರ ಶಾಸನವು ಅಲ್ಲಿ ವಿಧಿಸಿದೆ. ವಾಲಿಬಾಲಿನ ಹುಡುಗಿಯರೂ ಅವರ ಶಿಕ್ಷಕಿಯೂ ನ್ಯಾಯಾಲಯಕ್ಕೆ ಹೋದರು. ಚಿಯರ್‌ಲೀಡಿಂಗನ್ನು ಆ ಲೆಕ್ಕದಲ್ಲಿ ಆಟವೆಂದು ಎಣಿಸಬಹುದೇ ಎಂಬುದು ಪ್ರಶ್ನೆ. ೨೦೧೦ರಲ್ಲಿ ನ್ಯಾಯಾಧೀಶರು, ಸದ್ಯಕ್ಕೆ ಎಣಿಸಲಾಗದೆಂದು ತೀರ್ಪಿತ್ತರು. ೨೦೧೨ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕಾರಣಗಳಲ್ಲಿ ಒಂದನ್ನು ಕೇಳಿರಿ: ಆ ತಂಡವು ಒಂದು ವರ್ಷದಲ್ಲಿ ಹತ್ತು ಸ್ಪರ್ಧೆಗಳಲ್ಲಿ ಭಾಗವಹಿಸಿತು, ಆ ಹತ್ತರಲ್ಲಿ ಅಂಕ ಹಾಕುವ ಕ್ರಮಗಳೇ ಐದು ಬಗೆ! ಆ ಮಕ್ಕಳ ಶ್ರಮದಲ್ಲಾಗಲಿ ಕೌಶಲದಲ್ಲಾಗಲಿ ಕೊರತೆಯಿದೆಯೆಂದು ಅದರ ಅರ್ಥವಲ್ಲ. ಏಕರೂಪವಾದ ವ್ಯವಸ್ಥೆ ಬೆಳೆದುಬಂದರೆ ಮುಂದೆ ಎಣಿಸಬಹುದೆಂಬ ಆಸೆಗೂ ನ್ಯಾಯಾಲಯವು ಎಡೆಗೊಟ್ಟಿತು. ಆಮೇಲೆ ಕೆಲವು ಕಾಲೇಜುಗಳು ಒಟ್ಟುಗೂಡಿ ಇದರ ಅಂಗಗಳನ್ನೇ ಒಂದೇ ನಿಯಮಕ್ಕೂ ಒಂದೇ ಅಂಕಕ್ರಮಕ್ಕೂ ಒಳಪಡಿಸಿ ಬೇರೊಂದು ಆಟವಾಗಿ ರೂಪಿಸಿದುವು. ೨೦೨೦ರಲ್ಲಿ ಅಲ್ಲಿಯ ಕಾಲೇಜು ಕ್ರೀಡೆಗಳ ಮಹಾಸಂಸ್ಥೆಯು ಅದನ್ನು ಹೆಣ್ಣುಮಕ್ಕಳ ಉದಯೋನ್ಮುಖ ಕ್ರೀಡೆಗಳ ಸಾಲಿಗೆ ಸೇರಿಸಿತು. ಅಂತಾರಾಷ್ಟ್ರೀಯ ಚಿಯರ್ ಯೂನಿಯನ್ನಿಗೂ ೨೦೨೧ರಲ್ಲಿ ಒಲಿಂಪಿಕ್ ಸಮಿತಿಯ ಪೂರ್ಣ ಮನ್ನಣೆ ದೊರೆಯಿತು. ಮನ್ನಣೆಯೆಂದರೆ ಒಲಿಂಪಿಕ್ಕಿನಲ್ಲಿ ಪಂದ್ಯ ನಡೆಯುವುದೆಂದಲ್ಲ, ಬಾಗಿಲು ತೆರೆಯಿತೆಂದಷ್ಟೆ.

ಇಷ್ಟನ್ನೂ ಓದಿ ಪುಸ್ತಕ ಮುಚ್ಚಿದಾಗ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಪ್ರಸಂಗ ನೆನಪಿಗೆ ಬಂದಿತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ಮಳೆಗಾಲವನ್ನು ಕುರಿತು ಪ್ರಬಂಧ ಬರೆಯಹೇಳಿದ್ದೆನು. ಒಬ್ಬ ಹುಡುಗನು ಪುಸ್ತಕದ ವಾಕ್ಯಗಳನ್ನೇ ಜೋಡಿಸಿ ಒಂದು ಕಾಗುಣಿತವೂ ತಪ್ಪದಂತೆ ಬರೆದನು. ಇನ್ನೊಬ್ಬನು, ಹೊಳೆಯ ನೀರು ಮನೆಯೊಳಕ್ಕೆ ನುಗ್ಗಿದ ರಾತ್ರಿ ತನ್ನ ತಾಯಿಯು ಅಟ್ಟದ ಮೇಲೆ ಕುಳಿತು ಮೊದಲು ಅಕ್ಕಿಯ ಮೂಟೆಯನ್ನೂ ಆಮೇಲೆ ತನ್ನನ್ನೂ ಎಳೆದುಕೊಂಡುದನ್ನು ಬರೆದನು. ಸಾಲುಸಾಲಿಗೂ ತಪ್ಪು. ನಾನು ತಪ್ಪಿಗೆ ಅರ್ಧ ಅಂಕದಂತೆ ಕಳೆಯುತ್ತ ಹೋಗಿ ಮೊದಲನೆಯವನಿಗೆ ಹತ್ತಕ್ಕೆ ಒಂಬತ್ತನ್ನೂ ಇವನಿಗೆ ಎರಡನ್ನೂ ಕೊಟ್ಟೆನು. ಹುಡುಗನು ಹಾಳೆಯನ್ನು ಹಿಡಿದು ಬಂದು, “ಸಾರ್, ತಪ್ಪಿಗೆ ಕಳೆದದ್ದು ಗೊತ್ತಾಯಿತು. ಚೆನ್ನಾಗಿರೋದಕ್ಕೆ ಎಷ್ಟು ಕೊಟ್ಟಿದ್ದೀರಿ?” ಎಂದನು. ಉದ್ಧಟತನವೆಂದು ಗದರಿಸಿ ಕಳುಹಿಸಿದೆನು. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಕೊಡುವ ಪಟ್ಟಿಯೇ ನನ್ನಲ್ಲಿರಲಿಲ್ಲ. ಆ ವರ್ಷ ಅವನು ಮತ್ತೆ ತನ್ನ ಮನೆಯ ಮಾತನ್ನು ಬರೆಯಲಿಲ್ಲ. ಪುಸ್ತಕದ ವಾಕ್ಯಗಳನ್ನೇ ಬರೆದನು.

ಅಂಕವು ಎಲ್ಲವನ್ನೂ ಅಳೆಯಬಲ್ಲುದೆಂದು ನಾನು ಹೇಳುವವನಲ್ಲ. ಅತ್ಯಂತ ನಿಷ್ಪಕ್ಷಪಾತಿಯಾದ ನಿರ್ಣಾಯಕರಿಬ್ಬರು ಒಂದೇ ಪ್ರದರ್ಶನಕ್ಕೆ ಬೇರೆಬೇರೆ ಅಂಕ ಹಾಕುವುದುಂಟು. ಒಬ್ಬರಿಗೆ ಬದಲಾಗಿ ಅನೇಕರನ್ನು ಕೂರಿಸುವುದೂ ಅದಕ್ಕಾಗಿಯೇ. ಆದರೆ ಗುಣಕ್ಕೊಂದು ಪಟ್ಟಿ, ದೋಷಕ್ಕೊಂದು ಪಟ್ಟಿ ಇಟ್ಟು, ಎರಡನ್ನೂ ಆಟಕ್ಕೆ ಮುಂಚೆಯೇ ಮಕ್ಕಳ ಮುಂದೆ ಬಿಚ್ಚಿಟ್ಟರೆ, ಸೋತ ಮಗುವಿಗೆ ತಾನು ಸೋತದ್ದು ಎಲ್ಲಿಯೆಂದಾದರೂ ತಿಳಿಯುವುದು. ಹಾಗೆ ತಿಳಿಯದ ಸೋಲು ಮಕ್ಕಳ ಮನಸ್ಸಿನಲ್ಲಿ ಬಹುಕಾಲ ಕೊರೆಯುವುದು. ನಮ್ಮ ಊರುಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವ ಮಹನೀಯರು ಇಷ್ಟನ್ನು ಮನಸ್ಸಿಗೆ ತಂದುಕೊಂಡರೆ ಸಾಕು.

ಮೊನ್ನೆ ಭಾನುವಾರ ಆ ಮಗುವಿನೊಡನೆ ಮತ್ತೆ ಮಾತನಾಡಿದೆನು. “ನಿನ್ನ ಸೊನ್ನೆ ನಿನ್ನದೇ ಕಂದ, ಅದನ್ನು ಯಾರೂ ಕಸಿದುಕೊಳ್ಳಲಾರರು. ಅವರು ನಿಮಗಿಂತ ಕಷ್ಟದ್ದನ್ನು ಮಾಡಿರಬೇಕು. ನಿಮ್ಮ ಅಂಕಪತ್ರ ತೋರಿಸಿ ಎಂದು ನಿಮ್ಮ ಟೀಚರನ್ನು ಕೇಳು, ಎಲ್ಲಿ ಕಡಮೆಯಾಯಿತೋ ಅದರಲ್ಲಿ ಇರುತ್ತದೆ” ಎಂದೆನು. ಅದು ಸ್ವಲ್ಪ ಯೋಚಿಸಿ, “ಹಾಗಾದರೆ ಮುಂದಿನ ಸಲ ನಾವೂ ಕಷ್ಟದ್ದು ಮಾಡುತ್ತೇವೆ” ಎಂದಿತು. ನನಗೆ ಎದೆ ಝಲ್ಲೆಂದಿತು. “ಮೇಲೆ ಹತ್ತುವವಳು ನೀನೇನಾ?” ಎಂದು ಕೇಳಿದೆನು.

“ಅಲ್ಲ ತಾತ, ನಾನು ಕೆಳಗೆ ನಿಂತು ಹಿಡಿಯುವವಳು” ಎಂದಿತು ಮಗು. “ಅವಳು ಬಿದ್ದರೆ ನಾನು ಹಿಡೀಬೇಕು. ಅದಕ್ಕೇ ನಮಗೆ ಸೊನ್ನೆ ಬಂದದ್ದು.”